ಹಿತ್ತಾಳೆ ಹಿಡಿಕೆಯ ಪೆಟ್ಟಿಗೆ

ಜನವರಿ 19, ಸೋಮವಾರ

ಅಪ್ಪನಿಗೆ ತಲೆ ಕೆಟ್ಟಿದೆ. ಇದಕ್ಕಿಂತ ಮರ್ಯಾದೆಯ ಮಾತು ಇವತ್ತು ನನಗೆ ಸಿಗುತ್ತಿಲ್ಲ.

ಬೆಳಗಿನ ಚಹಾದ ಹೊತ್ತಿಗೆ, ಮರದ ಹೊಟ್ಟಿನ ನಡುವೆ ನಿಂತು, ಬಿಸ್ಕತ್ತು ಹಂಚುವವನ ಹಾಗೆ ವರ್ಕ್‌ಶಾಪನ್ನೇ ಹಂಚಿಬಿಟ್ಟ. ಇನ್ನು ಮೇಲೆ ಅದು ಯಾರೊಬ್ಬರದೂ ಅಲ್ಲವಂತೆ, ಅಲ್ಲಿ ದುಡಿಯುವ ಐದು ಜನರದ್ದಂತೆ. ಕಾಗದಪತ್ರವೆಲ್ಲ ಹೋದ ವಾರವೇ ಮುಗಿದಿದೆ. ಐವರಿಗೂ ಒಂದೇ ಸಂಬಳ, ಐವರಿಗೂ ಒಂದೊಂದು ಕೈ. ಏನೇ ತೀರ್ಮಾನ ಮಾಡಬೇಕಿದ್ದರೂ ಸೋಮವಾರ ಬೆಳಗ್ಗೆ ಕೈ ಎತ್ತುವುದು, ಹೆಚ್ಚು ಕೈ ಯಾವ ಕಡೆಗೋ ಆ ಕಡೆಗೆ ನಡೆಯುವುದು.

ನಾವು ಶವಪೆಟ್ಟಿಗೆ ಮಾಡುವವರು. ಮರ ಕೊಯ್ಯುವ ಗರಗಸಣ್ಣ, ಅವನ ಧ್ವನಿಯೂ ಗರಗಸದ್ದೇ. ಮೆರುಗು ಕೊಡುವ ಹುಡುಗನಿಗೆ ಹೆಸರೇ ಪಾಲಿಶ್ ಆಗಿದೆ, ಮದುವೆಯಾಗಿ ಎರಡು ಮಕ್ಕಳಾದರೂ ಹುಡುಗ. ಒಳಗಿನ ಬಟ್ಟೆ ಹೊಲಿಯುವ ಟೇಪಕ್ಕ, ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು. ಆಮೇಲೆ ಅಪ್ಪ. ಆಮೇಲೆ ನಾನು. ಗಿರಾಕಿ ಹುಡುಕಿದವಳು, ಮರ ತರಿಸಿದವಳು, ಬ್ಯಾಂಕಿನವರ ಮುಂದೆ ಹಲ್ಲು ಕಿರಿದವಳು, ಅತ್ತುಕೊಂಡು ಬಂದವರಿಗೆ ಕುರ್ಚಿ ಹಾಕಿ ನೀರು ಕೊಟ್ಟವಳು, ಇಪ್ಪತ್ತು ವರ್ಷ. ಈಗ ನನಗೂ ಪಾಲಿಶ್‌ಗೂ ಒಂದೇ ಕೈ.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲೇ ಹಿಡಿದೆ. ಬೆನ್ನು ಮುರಿದು ದುಡಿದವಳು ನಾನು, ಅದು ದುಡಿದವಳದ್ದಾಗಬೇಕಿತ್ತು ಅಂದೆ. ಅಪ್ಪ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಾ ನಿಧಾನವಾಗಿ ನಕ್ಕ.

"ಅದನ್ನೇ ಅಲ್ವಾ ಮಗಳೇ ನಾನೂ ಮಾಡಿದ್ದು? ದುಡಿದೋರದ್ದು ಅಂತ ಮಾಡಿದೆ. ನೀನೊಬ್ಬಳೇ ದುಡಿದೆ ಅಂದ್ಕೊಂಡಿದ್ಯಾ?"

"ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀನು."

"ನನ್ನದನ್ನ ನಾನು ಕೊಟ್ಟೆ. ಯಜಮಾನನಿಗೆ ಅಷ್ಟೂ ಹಕ್ಕಿಲ್ವಾ?"

ಮೈಯೆಲ್ಲ ಉರಿದುಹೋಯಿತು. ಯಜಮಾನರೇ ಇರಬಾರದು ಅನ್ನುವವನು ಯಜಮಾನಿಕೆಯ ಕೊನೆಯ ಏಟನ್ನು ನನ್ನ ಬೆನ್ನಿಗೇ ಕೊಟ್ಟ. ತಟ್ಟೆ ಎತ್ತದೆ ಎದ್ದು ಬಂದೆ.

ಜನವರಿ 20, ಮಂಗಳವಾರ

ಅಪ್ಪನ ಜೊತೆ ಮಾತಿಲ್ಲ. ಅವನ ಅಂಗಿ ಒಗೆಯಲಿಲ್ಲ. ಸಮಾನತೆ ಮನೆಯಿಂದಲೇ ಶುರುವಾಗಲಿ.

ಜನವರಿ 25, ಭಾನುವಾರ

ಇದಕ್ಕೆಲ್ಲ ಮೂಲ ಯಾರು ಅಂತ ಗೊತ್ತಾಯಿತು. ಪಾದ್ರಿಗಳು. ಇವತ್ತು ಚರ್ಚಿನಲ್ಲಿ ಅವರು ಮಾಡಿದ ಪ್ರಸಂಗವೂ ಅದೇ: ಮೊದಲ ವಿಶ್ವಾಸಿಗಳು ಹೊಲ ಮನೆ ಮಾರಿ ತಂದು ಶಿಷ್ಯರ ಪಾದದ ಬಳಿ ಇಟ್ಟರು, ಅವರಲ್ಲಿ ಕೊರತೆಯವರೇ ಇರಲಿಲ್ಲ, ಲಾಭದ ಹಿಂದೆ ಓಡುವ ಈ ಲೋಕ ದೇವರ ಲೋಕವಲ್ಲ. ಅಪ್ಪ ಮುಂದಿನ ಬೆಂಚಿನಲ್ಲಿ ಕೂತು ತಲೆ ಆಡಿಸಿದ್ದೇ ಆಡಿಸಿದ್ದು.

ಪ್ರಾರ್ಥನೆ ಮುಗಿದ ಮೇಲೆ, ನಿಲುವಂಗಿ ಕಳಚುವ ಕೋಣೆಗೇ ಹೋಗಿ ಕೇಳಿದೆ. ಆಸ್ತಿ ಮಾರಿ ಒಂದಷ್ಟು ಹಣ ಬಚ್ಚಿಟ್ಟು ಸುಳ್ಳು ಹೇಳಿದ ಗಂಡ ಹೆಂಡತಿಯ ಕಥೆಯೂ ಬೈಬಲಿನಲ್ಲಿ ಅಲ್ಲೇ ಇದೆಯಲ್ಲ, ಮಾರುವ ಮುಂಚೆ ಅದು ನಿಮ್ಮದೇ ಆಗಿತ್ತು ಅಂತ ಆ ಶಿಷ್ಯರ ಮುಂದಾಳು ಪೇತ್ರನೇ ಹೇಳಲಿಲ್ಲವೇ? ಬಲವಂತದಿಂದ ಕಿತ್ತುಕೊಂಡರೆ ಅದು ಪ್ರೀತಿಯೋ ಸುಲಿಗೆಯೋ? ಕದಿಯಬೇಡ ಅಂತ ದೇವರು ಅಪ್ಪಣೆ ಕೊಡಬೇಕಾದರೆ ಮೊದಲು ಒಬ್ಬನದು ಅಂತ ಒಂದು ವಸ್ತು ಇರಬೇಕಲ್ಲ? ಕೊನೆಗೆ ನನ್ನ ಕಸುಬಿನದೇ ಮಾತು ತೆಗೆದೆ.

"ಫಾದರ್, ಪ್ರಭುವನ್ನ ಹೂಳಿದ್ದು ಒಬ್ಬ ಶ್ರೀಮಂತನ ಸ್ವಂತ ಸಮಾಧಿಯಲ್ಲಿ. ಆ ಪುಣ್ಯಾತ್ಮ ಮೊದಲೇ ಎಲ್ಲ ಹಂಚಿಬಿಟ್ಟಿದ್ದರೆ ಅವತ್ತು ಎಲ್ಲಿಡ್ತಿದ್ರು?"

"ಮೂರನೇ ದಿನಕ್ಕೆ ಎದ್ದು ಬಂದು ವಾಪಸು ಕೊಟ್ಟರಲ್ಲಮ್ಮ. ಎರವಲು ತಗೊಂಡಿದ್ದು ಅಷ್ಟೆ."

ನಗುತ್ತಾ ಹೇಳಿ, ನನ್ನ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಹೋದರು. ಇಷ್ಟು ವರ್ಷ ಬಡವರ ಪೆಟ್ಟಿಗೆಗಳನ್ನು ಹಣ ಕೇಳದೆ ಮಾಡಿಕೊಟ್ಟದ್ದು ಯಾರ ಲಾಭದಿಂದ ಅಂತ ಕೇಳುವುದಿತ್ತು. ಬಾಗಿಲು ದಾಟಿ ಹೋಗಿಬಿಟ್ಟಿದ್ದರು.

ಫೆಬ್ರವರಿ 2, ಸೋಮವಾರ

ಮೊದಲ ಸಭೆ. ಮೊದಲ ಸೋಲು.

ಗರಗಸಣ್ಣ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಇನ್ನು ಮೇಲೆ ಒಂದೇ ಥರದ ಪೆಟ್ಟಿಗೆ ಮಾಡೋಣ, ಒಳ್ಳೆಯ ಸಾದಾ ಹಲಗೆ, ಒಂದೇ ಬೆಲೆ. ತೇಗ ಬೇಡ, ಹಿತ್ತಾಳೆ ಬೇಡ, ಹಾಗೆಯೇ ಆ ಬಡಕಲು ಪ್ಲೈವುಡ್ಡೂ ಬೇಡ. ಚರ್ಚಿನ ಒಳಗೆ ಹೋದ ಮೇಲೆ ಎಲ್ಲಕ್ಕೂ ಅದೇ ಬಿಳಿ ಹೊದಿಕೆ ತಾನೆ ಅಂದ.

ಆ ಹೊದಿಕೆ ನಮ್ಮ ಚರ್ಚಿನ ಹಳೆಯ ಪದ್ಧತಿ. ಯಾರೇ ಸತ್ತರೂ ಪೆಟ್ಟಿಗೆ ಚರ್ಚಿನ ಬಾಗಿಲು ದಾಟಿದ ಕೂಡಲೇ ಅದರ ಮೇಲೆ ನೆಲ ಮುಟ್ಟುವಷ್ಟು ಉದ್ದದ ಬಿಳಿ ಬಟ್ಟೆ ಹೊದಿಸುತ್ತಾರೆ. ಊರಿಗೆಲ್ಲ ಅದೊಂದೇ ಬಟ್ಟೆ. ಕೆಳಗಿರುವುದು ತೇಗವೋ ತಗಡೋ ಬಲಿಪೀಠದ ಮುಂದೆ ಯಾರಿಗೂ ಕಾಣುವುದಿಲ್ಲ. ಪ್ರಾರ್ಥನೆ ಮುಗಿದು ಹೊರಗೆ ಬರುವಾಗ ಬಾಗಿಲಲ್ಲೇ ತೆಗೆಯುತ್ತಾರೆ.

ನಾನು ಬಿಡಿಸಿ ಹೇಳಿದೆ. ಹಿತ್ತಾಳೆ ಹಿಡಿಕೆ ಬೇಕು ಅನ್ನುವವರ ಜಂಬದಿಂದಲೇ ಪ್ಲೈವುಡ್ಡಿನವರ ಪೆಟ್ಟಿಗೆ ಅಗ್ಗವಾಗಿ ಸಿಗುತ್ತಿತ್ತು. ಜಂಬ ಪಾಪವೇ ಇರಬಹುದು, ಆದರೆ ಅದನ್ನು ಮಾರಿ ಬಂದ ಹಣದಲ್ಲಿ ಪಾಪದವರನ್ನು ಹೂತಿದ್ದೇವೆ. ಒಂದೇ ಬೆಲೆ ಅಂದರೆ ಶ್ರೀಮಂತನಿಗೆ ಸೋವಿ, ಬಡವನಿಗೆ ದುಬಾರಿ. ಇಷ್ಟು ಸರಳ ಮಾತು ಯಾರ ತಲೆಗೂ ಹೋಗಲಿಲ್ಲ. ಪಾಲಿಶ್ ಅಂತೂ "ಅಕ್ಕ, ಸತ್ತ ಮೇಲಾದರೂ ಎಲ್ಲರೂ ಒಂದೇ ಆಗಲಿ ಬಿಡಿ" ಅಂದ. ಹೋದ ತಿಂಗಳವರೆಗೂ ನಾನು ಮೇಡಂ ಆಗಿದ್ದೆ.

ನಾಲ್ಕು ಕೈ ಆ ಕಡೆ. ಈ ಕಡೆ ನನ್ನದೊಂದು.

ಫೆಬ್ರವರಿ 3, ಮಂಗಳವಾರ

ಹೊದಿಕೆಯ ಮಾತು ಬಂದದ್ದಕ್ಕೆ ಅಮ್ಮ ನೆನಪಾದಳು.

ನನಗಾಗ ಹನ್ನೆರಡು ವರ್ಷ. ಪೆಟ್ಟಿಗೆ ಮಾಡುವವನ ಹೆಂಡತಿಯ ಪೆಟ್ಟಿಗೆಗೆ ಹಲಗೆ ಇರಲಿಲ್ಲ. ಅಪ್ಪ ಎಲ್ಲಿಂದಲೋ ಯಂತ್ರ ತುಂಬಿ ಬಂದ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಒಡೆದು ತಂದು ಕೂಡಿಸಿದ. ಎಷ್ಟು ಉಜ್ಜಿದರೂ ಎಡಗಡೆಯ ಹಲಗೆಯ ಮೇಲಿನ ಕಪ್ಪು ಅಕ್ಷರ ಹೋಗಲಿಲ್ಲ. 'ಈ ಭಾಗ ಮೇಲಿರಲಿ' ಅಂತ ಇತ್ತು, ಪಕ್ಕದಲ್ಲಿ ಒಂದು ಬಾಣದ ಗುರುತು. ಚರ್ಚಿನ ಒಳಗೆ ಹೊದಿಕೆ ಬಿದ್ದಾಗ ನಾನು ಉಸಿರು ಬಿಟ್ಟೆ. ಬಾಗಿಲಲ್ಲಿ ಅದನ್ನು ತೆಗೆದರು. ಅಲ್ಲಿಂದ ಸಮಾಧಿಯವರೆಗೂ ನಾನು ಎಡಗಡೆಗೇ ಅಂಟಿಕೊಂಡು, ಆ ಅಕ್ಷರಗಳಿಗೆ ಮೈ ಅಡ್ಡ ಇಟ್ಟುಕೊಂಡು ನಡೆದೆ. ಪಾಪ, ಅಮ್ಮನನ್ನು ಬಿಟ್ಟು ಕದಲುತ್ತಿಲ್ಲ ಅಂತ ಹೆಂಗಸರು ಕಣ್ಣೊರೆಸಿಕೊಂಡರು.

ಅವತ್ತೇ ತೀರ್ಮಾನ ಮಾಡಿದ್ದೆ, ನನ್ನ ಕೈಗೆ ವರ್ಕ್‌ಶಾಪು ಬಂದರೆ ಹಲಗೆ ಇಲ್ಲ ಅನ್ನುವ ದಿನ ಬರಬಾರದು ಅಂತ. ಹಣ ಮಾಡಿದ್ದು ಅದಕ್ಕೆ. ಪಾದ್ರಿಗಳಿಗೆ ಇದು ಅರ್ಥವಾಗುತ್ತದೆಯೇ?

ಫೆಬ್ರವರಿ 21, ಶನಿವಾರ

ನಾನು ಹೇಳಿದ್ದು ಅಕ್ಷರ ತಪ್ಪದೆ ಆಗುತ್ತಿದೆ. ಕಾಸಿದ್ದವರೆಲ್ಲ ದೊಡ್ಡ ರಸ್ತೆಯ ಶೋರೂಮಿಗೆ ಹೋಗುತ್ತಿದ್ದಾರೆ. ಅಲ್ಲಿ ಗಾಜಿನ ಬಾಗಿಲು, ತಂಪು ಗಾಳಿ, ಮೆಲ್ಲನೆಯ ಸಂಗೀತ, ಪೆಟ್ಟಿಗೆಗಳಿಗೆ ಹೂವಿನ ಹೆಸರು. ಅದರ ಮಾಲೀಕ ಮೊನ್ನೆ ಫೋನು ಮಾಡಿ, ಮ್ಯಾನೇಜರ್ ಆಗಿ ಬನ್ನಿ, ನಿಮ್ಮಂಥವರು ಅಲ್ಲಿ ಹಲಗೆ ಹೊರುವುದೇನು ಅಂದ. ಯೋಚನೆ ಮಾಡುತ್ತೇನೆ ಅಂದಿದ್ದೇನೆ. ಯೋಚನೆ ಮಾಡುವುದಕ್ಕೇನೂ ಇಲ್ಲ, ಅಪ್ಪನ ಮುಖ ನೋಡಿಕೊಂಡು ಹೇಳಬೇಕು ಅಷ್ಟೆ.

ಇವತ್ತು ಮಧ್ಯಾಹ್ನ ತರಕಾರಿ ಮಾರುವ ಹೆಂಗಸು ಬಂದಳು. ಗಂಡ ಬೆಳಗ್ಗೆ ತೀರಿಕೊಂಡಿದ್ದ. ಬೆಲೆ ಕೇಳಿದಳು. ಗರಗಸಣ್ಣನೇ ಹೇಳಿದ. ಅವಳು ಸೆರಗಿನ ಗಂಟು ಬಿಚ್ಚಲೇ ಇಲ್ಲ, ಹಿಡಿದುಕೊಂಡೇ ನಿಂತಳು. ಅಕ್ಕಪಕ್ಕದವರು ಹೇಳಿದ್ದು ಹಳೆಯ ಪ್ಲೈವುಡ್ಡಿನ ಬೆಲೆಯಾಗಿತ್ತು, ಅದಕ್ಕೇ ಅವಳು ಅಷ್ಟೇ ತಂದಿದ್ದಳು. ಸಮಾನತೆಯ ನಾಲ್ಕೂ ಕೈಗಳು ಜೇಬಿಗೆ ಹೋದವು. ಒಬ್ಬರಾದರೂ ತಲೆ ಎತ್ತಬೇಕಲ್ಲ.

ನನಗೆ ಒಳಗೊಳಗೇ ಖುಷಿಯಾಯಿತು. ಆಯಿತು ಅಂತ ಬರೆದುಕೊಳ್ಳುವುದಕ್ಕೆ ನಾಚಿಕೆ ಏನಿಲ್ಲ. ಆದರೆ ಆ ಹೆಂಗಸು ನನ್ನ ಕಡೆ ತಿರುಗಿದಾಗ ಖುಷಿ ಎಲ್ಲಿ ಹೋಯಿತೋ ಕಾಣೆ. ಟೇಪಕ್ಕ ಮುಂದೆ ಬಂದು, ಕಮ್ಮಿ ಬಿದ್ದದ್ದನ್ನ ಈ ತಿಂಗಳ ನನ್ನ ಪಾಲಿನಲ್ಲಿ ಹಿಡಿದುಕೊಳ್ಳಿ ಅಂದಳು. ಟೇಪಕ್ಕನೊಬ್ಬಳ ಪಾಲಿನಲ್ಲಿ ಹಿಡಿಯುವುದಕ್ಕೆ ಏನಿದೆ? ಹಾಗಾಗಿ ಪಾಲಿಶ್ ನನ್ನದೂ ಅಂದ, ಗರಗಸಣ್ಣ ನನ್ನದೂ ಅಂದ. ಕೊನೆಗೆ ನಾನೂ ಅನ್ನಬೇಕಾಯಿತು. ಆಗ ಲಾಭದಲ್ಲಿ ಕೊಡುತ್ತಿದ್ದೆವು, ಈಗ ಹೊಟ್ಟೆಯಿಂದ ತೆಗೆದು ಕೊಡುತ್ತಿದ್ದೇವೆ. ಇದಕ್ಕೆ ಪ್ರಗತಿ ಅಂತ ಹೆಸರು.

ಅಪ್ಪ ಆ ಪೆಟ್ಟಿಗೆಯ ಮುಚ್ಚಳವನ್ನು ಸಂಜೆಯವರೆಗೂ ಉಜ್ಜಿದ.

ಫೆಬ್ರವರಿ 27, ಶುಕ್ರವಾರ

ಹಿಟ್ಟಿನ ಗಿರಣಿಯ ಯಜಮಾನ ಕಾರು ಕಳಿಸಿ ಮನೆಗೆ ಕರೆಸಿಕೊಂಡ. ಅವನ ತಾಯಿ ಇನ್ನು ಕೆಲವೇ ದಿನ. ಊರು ಕಂಡಿರದಂಥ ಪೆಟ್ಟಿಗೆ ಬೇಕಂತೆ: ತೇಗ, ಕೆತ್ತನೆ, ಎಂಟು ಹಿತ್ತಾಳೆ ಹಿಡಿಕೆ. ಶೋರೂಮಿನದು ಯಂತ್ರದ ಕೆತ್ತನೆ, ನಿಮ್ಮಪ್ಪನ ಕೈಯದೇ ಬೇಕು ಅಂದ. ಅರ್ಧ ಹಣ ಈಗ, ಅರ್ಧ ಮಣ್ಣಾದ ಮೇಲೆ. ಅವನು ಹೇಳಿದ ಮೊತ್ತಕ್ಕೆ ನಾವು ಐವರೂ ವರ್ಷ ದಾಟಬಹುದು. ಇಲ್ಲದಿದ್ದರೆ ಬೇಸಿಗೆ ಮುಗಿಯುವುದರೊಳಗೆ ಬಾಗಿಲು ಹಾಕಬೇಕಾಗುತ್ತದೆ, ಅದು ನನಗೊಬ್ಬಳಿಗೇ ಗೊತ್ತು.

ಒಂದು ಷರತ್ತು ಹಾಕಿದ. ಚರ್ಚಿನ ಒಳಗೆ ಆ ಬಿಳಿ ಬಟ್ಟೆ ಹೊದಿಸಬಾರದು. ಇಷ್ಟು ಖರ್ಚು ಮಾಡಿ ಮುಚ್ಚಿಡುವುದಕ್ಕೇನು, ಫೋಟೋ ತೆಗೆಯುವವರು ಬರುತ್ತಾರೆ, ಪಾದ್ರಿಗಳ ಹತ್ತಿರ ನೀವೇ ಮಾತಾಡಿ ಅಂದ. ಆಗಲಿ ಅಂದೆ. ಒಂದು ಬಟ್ಟೆಯ ಮಾತು ತಾನೆ.

ತಾಯಿಯ ಕೋಣೆಗೆ ಕರೆದುಕೊಂಡು ಹೋದ. ಆ ಅಜ್ಜಿ ಒಂದು ಕಾಲದಲ್ಲಿ ಇದೇ ಗಿರಣಿಯಲ್ಲಿ ಮೂಟೆ ಹೊತ್ತವಳು, ಮಗ ಮೇಲೆ ಬಂದದ್ದು ಆಮೇಲೆ. ನಾನು ಯಾರು ಅಂತ ಗೊತ್ತಾದ ಕೂಡಲೇ ಕಣ್ಣು ಬಿಟ್ಟು ನಕ್ಕಳು.

"ಹಿಡಿಕೆ ಗಟ್ಟಿಯಾಗಿ ಹಾಕಮ್ಮ. ಜೀವಮಾನ ಎಲ್ಲಾ ಮೂಟೆ ಹೊತ್ತಿದೀನಿ, ಹಿಡಿಯೋಕೆ ಏನೂ ಇರ್ತಿರಲಿಲ್ಲ, ಉಗುರು ಕಿತ್ತುಹೋಗೋದು. ನನ್ನನ್ನ ಹೊರೋರಿಗೆ ಹಾಗಾಗಬಾರದು. ಹೊಳೆಯೋ ಹಿಡಿಕೆ ಹಿಡ್ಕೊಂಡು ಬೀದಿಯಲ್ಲಿ ಹೋಗಲಿ."

ಬಡವರಿಗೆ ಸಾದಾ ಹಲಗೆಯೇ ಸಾಕು ಅನ್ನುವವರೆಲ್ಲ ಆ ಕೋಣೆಗೆ ಬಂದು ಕೇಳಿಸಿಕೊಳ್ಳಬೇಕಿತ್ತು. ಬರುವ ದಾರಿಯುದ್ದಕ್ಕೂ ಗರಗಸಣ್ಣನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಮಾರ್ಚ್ 2, ಸೋಮವಾರ

ಗೆದ್ದೆ. ಅಜ್ಜಿ ಹೇಳಿದ್ದನ್ನು ಹಾಗೆಯೇ ಹೇಳಿದೆ. ಪಾಲಿಶ್‌ನ ಕೈ ಮೊದಲು ಎದ್ದಿತು, ಸಾದಾ ಹಲಗೆಗೆ ಎಣ್ಣೆ ಸವರಿ ಸವರಿ ಅವನಿಗೂ ಸಾಕಾಗಿದೆ. ಟೇಪಕ್ಕನ ಕೈ ಎದ್ದಿತು. ಅಪ್ಪನದೂ ಎದ್ದಿತು, ಅದನ್ನು ನಾನು ಎಣಿಸಿರಲಿಲ್ಲ. ಗರಗಸಣ್ಣ ಮಾತ್ರ ಮುಖ ಊದಿಸಿಕೊಂಡು, ಹಾಗಾದರೆ ಮೂಟೆ ಹೊತ್ತ ಎಲ್ಲರಿಗೂ ಹಿತ್ತಾಳೆ ಹಿಡಿಕೆ ಕೊಡ್ತೀರಾ, ಮಗ ಶ್ರೀಮಂತನಾದವಳಿಗೆ ಮಾತ್ರಾನಾ ಅಂತ ಕೇಳಿದ. ಎಲ್ಲರಿಗೂ ಕೊಡುವುದಕ್ಕೆ ನಿಮ್ಮಪ್ಪನ ಗಿರಣಿ ಇದೆಯಾ ಅಂದೆ.

ಷರತ್ತಿನ ವಿಷಯ ಹೇಳಲಿಲ್ಲ. ಅದು ನನ್ನ ಮತ್ತು ಪಾದ್ರಿಗಳ ನಡುವಿನದು. ಅವರು ಕುಣಿದಾಡುತ್ತಾರೆ, ನನ್ನ ಹತ್ತಿರ ಉತ್ತರಗಳೆಲ್ಲ ತಯಾರಿವೆ.

ಮಾರ್ಚ್ 11, ಬುಧವಾರ

ನಮ್ಮ ಪೆಟ್ಟಿಗೆ ಮುಗಿಯಿತು. ಇಂಥದ್ದನ್ನು ನಾವು ಯಾವತ್ತೂ ಮಾಡಿರಲಿಲ್ಲ. ಬೇಡ ಅಂದ ಗರಗಸಣ್ಣನೇ ತೇಗವನ್ನು ಬೆಣ್ಣೆ ಕೊಯ್ದ ಹಾಗೆ ಕೊಯ್ದಿದ್ದಾನೆ. ಬದಿಗಳಲ್ಲಿ ಅಪ್ಪ ಗೋಧಿಯ ತೆನೆ ಕೆತ್ತಿದ. ಟೇಪಕ್ಕ ಒಳಗೆ ಹತ್ತಿ ತುಂಬಿ ದಿಂಬು ಹೊಲಿದು, ಅಜ್ಜಿಯ ಬೆನ್ನು ಗೂನು, ಇಲ್ಲಿ ಸ್ವಲ್ಪ ಹೆಚ್ಚು ಇರಲಿ ಅಂದಳು. ಸತ್ತವರಿಗೆ ಬೆನ್ನು ನೋಯುವುದಿಲ್ಲ ಅಂದರೆ, ನಿನಗೆ ಹೇಗೆ ಗೊತ್ತು ಅಂತ ನನ್ನನ್ನೇ ಕೇಳಿದಳು. ಹಿಡಿಕೆ ತಿರುಪು ನಾನೇ ಬಿಗಿದೆ. ಎಳೆದು, ಜೋತುಬಿದ್ದು ನೋಡಿದೆ, ಒಂದೂ ಅಲುಗಲಿಲ್ಲ.

ಊಟ ಮಾಡುವಾಗ ಅಪ್ಪ ಕೆಮ್ಮುತ್ತಿದ್ದ. ಮರದ ಪುಡಿ. ಇನ್ನು ಮೇಲೆ ಉಜ್ಜುವ ಕೆಲಸ ಸರದಿಯಲ್ಲಿ ಮಾಡಬೇಕು ಅಂತ ಸೋಮವಾರ ಎತ್ತಬೇಕು.

ಮಾರ್ಚ್ 14, ಶನಿವಾರ

ಬರೆಯಲು ಕೂತು ಎರಡು ಹಾಳೆ ಹರಿದುಹಾಕಿದ್ದಾಯಿತು.

ಪಾದ್ರಿಗಳ ಹತ್ತಿರ ಹೋಗಿದ್ದೆ. ಹೊದಿಕೆಯ ವಿಷಯ ತೆಗೆದು, ಅವರು ಬೇಡ ಅಂದರೆ ಹೇಳಬೇಕಾದ್ದನ್ನೆಲ್ಲ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕೂತೆ. ಅವರು ಕಿಟಕಿಯ ಕಡೆ ನೋಡಿದರು. ಚರ್ಚಿನ ಮಾಡಿನ ತಗಡು ಹೊಸದಾಗಿ ಹಾಕಿಸುವುದಾಗಿ ಗಿರಣಿಯವರು ಮಾತು ಕೊಟ್ಟಿದ್ದಾರಂತೆ. ಸೋರುತ್ತಿದೆಯಂತೆ. ಒಂದು ಸಲದ ಮಟ್ಟಿಗೆ ಪರವಾಗಿಲ್ಲವಂತೆ.

"ಒಗೆಯೋಕೆ ಕೊಟ್ಟಿದೆ ಅಂತ ಹೇಳಿದರಾಯ್ತಮ್ಮ. ಸುಳ್ಳಾಗಬಾರದು ನೋಡಿ, ಅದಕ್ಕೆ ನಿಜವಾಗಿಯೇ ನಿಮ್ಮ ಟೇಪಕ್ಕನಿಗೆ ಒಗೆಯೋಕೆ ಕಳಿಸಿಬಿಡ್ತೀನಿ."

ಇಷ್ಟೇ. ನಾನು ಕೇಳಲು ಹೋದದ್ದು ಸಿಕ್ಕಿತು. ಹಾಗಿದ್ದರೆ ಈ ಸಿಟ್ಟೇಕೆ ಅಂತ ದಾರಿಯಲ್ಲಿ ನನ್ನನ್ನೇ ಕೇಳಿಕೊಂಡೆ. ನಾನು ವ್ಯಾಪಾರಿ, ಬೆಲೆ ಕೇಳುವುದು ನನ್ನ ಕೆಲಸ. ಇಲ್ಲ ಅನ್ನುವುದು ಅವರ ಕೆಲಸವಾಗಿತ್ತು. ಅಪ್ಪ ಇದೇ ಮನುಷ್ಯನ ಮಾತು ಕೇಳಿ ಜೀವಮಾನದ ಗಳಿಕೆ ಕೊಟ್ಟ. ಇವರು ಒಂದು ಮಾಡಿನ ತಗಡಿಗೆ ಜಾರಿದರು. ಅರಮನೆಗಾದರೂ ಜಾರಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಆ ಹೊದಿಕೆ ಮಾರುವ ವಸ್ತು ಅಲ್ಲ. ಅದು ಅವರದ್ದಲ್ಲ. ಗಿರಣಿಯವನದ್ದೂ ಅಲ್ಲ. ಹನ್ನೆರಡು ವರ್ಷದವಳಿಗೆ ಅರ್ಧ ಗಂಟೆ ಉಸಿರು ಬಿಡಲು ಕೊಟ್ಟದ್ದು ಅದು. ಇನ್ನು ಇದರ ಬಗ್ಗೆ ಬರೆಯುವುದಿಲ್ಲ.

ಮಾರ್ಚ್ 18, ಬುಧವಾರ

ಅಜ್ಜಿ ಬೆಳಗ್ಗೆ ಹೋದಳು. ಪೆಟ್ಟಿಗೆ ಕಳಿಸಿದೆವು.

ಹೊದಿಕೆ ವರ್ಕ್‌ಶಾಪಿಗೆ ಬಂದಿದೆ. ಇದರಲ್ಲಿ ಕೊಳೆ ಎಲ್ಲಿದೆ, ಹೋದ ತಿಂಗಳು ತಾನೆ ಒಗೆದಿದ್ದೆ, ಪಾದ್ರಿಗಳಿಗೆ ಕಣ್ಣು ಮಂಜಾಗಿದೆ ಅಂತ ಟೇಪಕ್ಕ ಗೊಣಗುತ್ತಾ ಮತ್ತೆ ಒಗೆದಳು. ತಂತಿಯ ಮೇಲೆ ಹಾಕುವಾಗ ಒಂದು ತುದಿ ನಾನು ಹಿಡಿಯಬೇಕಾಯಿತು, ಅಷ್ಟು ಉದ್ದ. ಅಂಚಿನಲ್ಲಿ ಒಂದು ಕಡೆ ನೂಲು ಬಿಟ್ಟಿತ್ತು. ಅವಳು ಕೂತು ಹೊಲಿದಳು. ನಾನು ನೋಡುತ್ತಾ ನಿಂತೆ.

ಮಾರ್ಚ್ 20, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸಮರ್ಥನೆ ಏನೂ ಇಲ್ಲ.

ಬೆಳಗ್ಗೆ ವರ್ಕ್‌ಶಾಪಿಗೆ ಹೋಗಿ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡೆ, ಮುಚ್ಚಳ ಬಿಗಿಯಲು ಯಾವಾಗಲೂ ಒಯ್ಯುತ್ತೇನೆ. ಮೇಜಿನ ಮೇಲೆ ಹೊದಿಕೆ ಇಸ್ತ್ರಿಯಾಗಿ ಮಡಿಸಿತ್ತು. ಒಗೆದಾಗಿದೆ, ಇಸ್ತ್ರಿಯಾಗಿದೆ, ಹಾಗಾದರೆ ಒಗೆಯಲು ಕೊಟ್ಟಿದೆ ಅನ್ನುವುದು ಈಗ ಸುಳ್ಳು ತಾನೆ? ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ತಲುಪಿಸಿ ಬರೋಣ ಅಂತಲೇ ಹೊರಟದ್ದು.

ಚರ್ಚು ತುಂಬಿತ್ತು. ಗಿರಣಿಯ ಹಮಾಲರೇ ಹೊತ್ತು ತಂದರು, ಎಂಟು ಜನ, ಎಂಟು ಹಿಡಿಕೆ. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಯಾವಾಗಲೂ ಹೊದಿಸುವ ಜಾಗ ಅದು, ಕಾಲಿಗೆ ಅಭ್ಯಾಸ. ಪಾದ್ರಿಗಳು ಕಣ್ಣು ಸನ್ನೆ ಮಾಡಿ ಮುಂದೆ ಬನ್ನಿ ಅಂದರು. ಫೋಟೋದವನು ಬೆಂಚಿನ ಮೇಲೆ ಹತ್ತಿದ. ನಮ್ಮ ಪೆಟ್ಟಿಗೆ ಬಲಿಪೀಠದ ಮುಂದೆ ಎಲ್ಲ ದೀಪಗಳನ್ನೂ ತನ್ನ ಮೈಗೆ ಎಳೆದುಕೊಂಡು ಕೂತಿತು. ಜನ ಅದನ್ನೇ ನೋಡಿದರು. ಪಿಸುಪಿಸು ಬೆಲೆಯ ಮಾತು. ನನ್ನ ಜೀವನದಲ್ಲಿ ನಾನು ಮಾಡಿಸಿದ ಅತ್ಯಂತ ಒಳ್ಳೆಯ ವಸ್ತು ಅದು, ಹೆಮ್ಮೆಯಿಂದ ಎದೆ ಉಬ್ಬಬೇಕಿತ್ತು.

ನಾಲ್ಕನೇ ಸಾಲಿನಲ್ಲಿ ತರಕಾರಿಯವಳು ಕೂತಿದ್ದಳು. ಅವಳ ಗಂಡನ ಪೆಟ್ಟಿಗೆ ಇದೇ ಜಾಗದಲ್ಲಿ ಇದ್ದು ತಿಂಗಳಾಗಿಲ್ಲ. ಅವಳು ಪೆಟ್ಟಿಗೆ ನೋಡಲಿಲ್ಲ. ಹೊದಿಕೆ ಎಲ್ಲಿ ಅಂತ ಅತ್ತಿತ್ತ ಹುಡುಕುತ್ತಿದ್ದಳು.

ಎದ್ದೆ. ನಡುವಿನ ದಾರಿಯಲ್ಲಿ ನಡೆದೆ. ಬಟ್ಟೆ ಬಿಚ್ಚಿದೆ. ಒಬ್ಬಳಿಂದ ಹೊದಿಸಲು ಆಗದು ಅನ್ನುವುದು ಅಲ್ಲಿ ನಿಂತ ಮೇಲೆ ನೆನಪಾಯಿತು. ಬಟ್ಟೆ ನೆಲಕ್ಕೆ ಜಾರುತ್ತಿತ್ತು, ಇಡೀ ಚರ್ಚು ನೋಡುತ್ತಿತ್ತು. ಆಗ ಯಾರೋ ಇನ್ನೊಂದು ತುದಿ ಹಿಡಿದರು. ಅಪ್ಪ. ಕೆಮ್ಮುತ್ತಾ ಎದ್ದು ಬಂದಿದ್ದ. ಇಬ್ಬರೂ ಹಾಸಿಗೆಗೆ ಹೊದಿಕೆ ಹಾಸುವ ಹಾಗೆ ಝಾಡಿಸಿ ಹೊದಿಸಿದೆವು. ಗೋಧಿಯ ತೆನೆ, ಹಿತ್ತಾಳೆ, ತೇಗ ಎಲ್ಲ ಮರೆಯಾಯಿತು. ಪಾದ್ರಿಗಳು ಪುಸ್ತಕದಲ್ಲಿ ಪುಟ ಹುಡುಕಿದರು. ಎಷ್ಟೋ ಹೊತ್ತು ಹುಡುಕಿದರು. ಆಮೇಲೆ ಪ್ರಾರ್ಥನೆ ಶುರುಮಾಡಿದರು.

ಮುಗಿದ ಮೇಲೆ ಬಾಗಿಲಲ್ಲಿ ಹೊದಿಕೆ ತೆಗೆದೆವು, ಪದ್ಧತಿಯಂತೆ. ಹೊರಗೆ ಬಿಸಿಲು. ಹಮಾಲರು ಹಿಡಿಕೆ ಹಿಡಿದು ಬೀದಿಯುದ್ದಕ್ಕೂ ಹೊತ್ತರು. ಅಂಗಡಿಯವರು ಎದ್ದು ನಿಂತರು. ಅಜ್ಜಿ ಕೇಳಿದ್ದು ಬೀದಿಯಲ್ಲಿ ಹೊಳೆಯುವ ಹಿಡಿಕೆ, ಅದು ಅವಳಿಗೆ ಪೂರ್ತಿ ಸಿಕ್ಕಿತು. ಯಾರ ಉಗುರೂ ಕಿತ್ತುಹೋಗಲಿಲ್ಲ.

ಸಮಾಧಿಯ ಹತ್ತಿರ ಗಿರಣಿಯವನು ನನ್ನ ಮುಂದೆ ಬಂದು ನಿಂತ. ಮುಖ ಕೆಂಡವಾಗಿತ್ತು.

"ಉಳಿದ ದುಡ್ಡು ಒಂದು ಕಾಸೂ ಕೊಡಲ್ಲ. ಬೇಕಾದರೆ ನಿನ್ನ ಹಿತ್ತಾಳೆ ಬಿಚ್ಚಿಕೊಂಡು ಹೋಗು."

ನಾಚಿಕೆಯಿಂದ ಓಡಿಹೋಗಲಿ ಅಂತ ಹೇಳಿದ ಮಾತು ಅದು. ನನಗೆ ಎಲ್ಲಿಲ್ಲದ ಕೋಪ ಬಂತು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಮಣ್ಣಿನಲ್ಲಿ ಮಂಡಿಯೂರಿದೆ. ಅಜ್ಜೀ, ಹೊತ್ತದ್ದಾಯಿತಲ್ಲ ಅಂತ ಮನಸ್ಸಿನಲ್ಲೇ ಹೇಳಿ, ಒಂದೊಂದಾಗಿ ಬಿಚ್ಚಿದೆ. ಎಂಟನ್ನೂ. ಹಮಾಲರು ಪೆಟ್ಟಿಗೆ ಇಳಿಸುವ ಹಗ್ಗ ಸಡಿಲಬಿಟ್ಟು ಕಾದರು, ಒಬ್ಬ ತಿರುಪುಗಳನ್ನು ಅಂಗೈಯಲ್ಲಿ ಹಿಡಿದುಕೊಂಡ. ಚೀಲ ಭಾರವಾಯಿತು.

ಬರುವಾಗ ಅಪ್ಪ ಚೀಲದ ಒಂದು ಕಿವಿ ಹಿಡಿದುಕೊಂಡ. ಸುಮಾರು ದೂರ ಬಂದ ಮೇಲೆ, "ನೀನು ಎಡಗಡೆಗೇ ನಡೆದಿದ್ದನ್ನ ನಾನು ನೋಡಿದ್ದೆ" ಅಂದ. ಅಮ್ಮನ ಮಣ್ಣಿನ ದಿನದ ಮಾತು.

"ಅವತ್ತು ವರ್ಕ್‌ಶಾಪಲ್ಲಿ ಒಳ್ಳೆ ಹಲಗೆ ಇತ್ತು ಮಗಳೇ. ಬೇರೆಯವರು ಮುಂಗಡ ಕೊಟ್ಟಿದ್ದು. ಮುಟ್ಟಿದರೆ ಗಿರಾಕಿ ಹೋಗ್ತಾನೆ, ಗಿರಾಕಿ ಹೋದರೆ ಎಲ್ಲರ ಹೊಟ್ಟೆಗೆ ಕಲ್ಲು. ತಗೊಳ್ಳಲಾ ಬೇಡವಾ ಅಂತ ಕೇಳೋಕೆ ಒಬ್ಬರೂ ಇರಲಿಲ್ಲ. ಯಜಮಾನ ಒಬ್ಬನೇ ಅಲ್ವಾ."

ಮೂವತ್ತೈದು ವರ್ಷ ಈ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನಲ್ಲ ಅಂತ ಅವನ ಮೇಲೆ ರೇಗಿದೆ. ರಸ್ತೆಯಲ್ಲೇ ರೇಗಿದೆ. ಅವನು ಚೀಲದ ಕಿವಿ ಬಿಡಲಿಲ್ಲ.

ಮಾರ್ಚ್ 23, ಸೋಮವಾರ

ಸಭೆ. ಯಾರೂ ಬಾಯಿ ತೆರೆಯುವ ಮುಂಚೆ ನಾನೇ ಎದ್ದೆ. ಷರತ್ತನ್ನು ನಿಮಗೆ ಹೇಳದೆ ಒಪ್ಪಿಕೊಂಡವಳು ನಾನು, ಅದನ್ನು ಮುರಿದವಳೂ ನಾನು. ನೀವು ಯಾರೂ ಕೈ ಎತ್ತಿರಲಿಲ್ಲ. ನಷ್ಟವೆಲ್ಲ ನನ್ನ ಪಾಲಿನಿಂದ ಹೋಗಬೇಕು, ತೀರುವವರೆಗೂ. ಇದು ನ್ಯಾಯ. ತಾನು ಮಾಡಿದ್ದಕ್ಕೆ ತಾನು ಹೊಣೆ, ಇಷ್ಟು ದಿನ ನಾನು ಹೇಳುತ್ತಾ ಬಂದದ್ದೂ ಅದೇ. ಒಪ್ಪುವವರು ಕೈ ಎತ್ತಿ ಅಂದು ನನ್ನ ಕೈ ಎತ್ತಿದೆ.

ಬೇರೆ ಒಂದು ಕೈಯೂ ಏಳಲಿಲ್ಲ. ನಾನು ಎತ್ತಿದ ಕೈ ಇಳಿಸದೆ ಒಬ್ಬೊಬ್ಬರ ಮುಖ ನೋಡಿದೆ. ಟೇಪಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಆಮೇಲೆ ಗರಗಸಣ್ಣ ಗಂಟಲು ಸರಿಮಾಡಿಕೊಂಡ. "ನಷ್ಟ ಐದು ಪಾಲು. ಒಪ್ಪುವವರು?"

ನಾಲ್ಕು ಕೈ. ನಾನು ಕೈಕಟ್ಟಿ ಕೂತೆ. ನಾಲ್ಕಕ್ಕೆ ಒಂದು, ಮತ್ತೆ ಸೋತೆ. ಇವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಸಿಟ್ಟು ಎಷ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು, ಮರದ ಪುಡಿ ಅಂದೆ.

ಅಷ್ಟರಲ್ಲಿ ಧರ್ಮಾಸ್ಪತ್ರೆಯಿಂದ ಹೇಳಿ ಕಳಿಸಿದರು. ದಿಕ್ಕಿಲ್ಲದ ಒಬ್ಬ ಮುದುಕ, ರಸ್ತೆ ಗುಡಿಸುತ್ತಿದ್ದವನು, ನಾಳೆ ಮಣ್ಣು. ಒಂದು ಸಾದಾ ಪೆಟ್ಟಿಗೆ ಬೇಕು. ಪಾಲಿಶ್ ಹಿತ್ತಾಳೆ ಹಿಡಿಕೆಗಳನ್ನು ಮಾರಿದರೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕುತ್ತಿದ್ದ. ಅವುಗಳನ್ನು ಅವನ ಕೈಯಿಂದ ಕಿತ್ತುಕೊಂಡೆ. ಮಾರಿದರೆ ಒಂದು ಸಲ ಬರುತ್ತದೆ, ಮುಗಿಯಿತು. ಯಾರ ಪೆಟ್ಟಿಗೆಗಾದರೂ ಹಾಕುವುದು, ಸಮಾಧಿಯ ಹತ್ತಿರ ಬಿಚ್ಚಿಕೊಂಡು ಬರುವುದು, ಹೊದಿಕೆಯ ಹಾಗೆ. ಖರ್ಚಿಲ್ಲ, ಸವೆಯುವುದೂ ಇಲ್ಲ, ಹೊರುವವರಿಗೆ ಹಿಡಿತ. ಇದು ಶುದ್ಧ ವ್ಯಾಪಾರದ ಲೆಕ್ಕ, ಪಾದ್ರಿಗಳ ಪ್ರಸಂಗಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಎಲ್ಲರಿಗೂ ಖಡಾಖಂಡಿತವಾಗಿ ಹೇಳಿದೆ. ಗರಗಸಣ್ಣ ಮೀಸೆಯ ಕೆಳಗೆ ನಗುತ್ತಾ ಹಲಗೆ ಎತ್ತಿಕೊಂಡ. ಕೈ ಎತ್ತಿಸಲು ಎಲ್ಲರೂ ಮರೆತೆವು.

ನನ್ನ ಅಭಿಪ್ರಾಯ ಎಳ್ಳಷ್ಟೂ ಬದಲಾಗಿಲ್ಲ. ಒಂದೇ ಬೆಲೆ ಅನ್ನುವುದು ಮೂರ್ಖತನ, ಮುಂದಿನ ಸೋಮವಾರ ಮತ್ತೆ ಎತ್ತುತ್ತೇನೆ, ಸೋತರೆ ಅದರ ಮುಂದಿನ ಸೋಮವಾರ. ಪಾದ್ರಿಗಳನ್ನೂ ಸುಮ್ಮನೆ ಬಿಡುವುದಿಲ್ಲ. ಮಾಡು ಸೋರುತ್ತಿದ್ದರೆ ಅವರೇ ಏಣಿ ಹಿಡಿಯಲಿ, ಹಲಗೆ ನಾವು ಕೊಡುತ್ತೇವೆ.

ಶೋರೂಮಿನವನು ಮಧ್ಯಾಹ್ನ ಫೋನು ಮಾಡಿದ. ಏನು ಯೋಚನೆ ಮಾಡಿದಿರಿ ಅಂದ. ಯಾವುದರ ಬಗ್ಗೆ ಅಂತ ನಿಜವಾಗಿಯೂ ನೆನಪಾಗಲಿಲ್ಲ. ಕೈಯೆಲ್ಲ ಪಾಲಿಶ್ ಆಗಿದೆ, ನಾಳೆ ಒಬ್ಬರ ಮಣ್ಣು ಇದೆ, ನಮಗೆ ಪುರುಸೊತ್ತಿಲ್ಲ ಅಂದು ಇಟ್ಟುಬಿಟ್ಟೆ.

ಸಂಜೆ ಅಪ್ಪನ ಅಂಗಿಗಳನ್ನು ನೆನೆಹಾಕಿದೆ. ಎರಡು ತಿಂಗಳಿಂದ ಅವನೇ ಒಗೆದುಕೊಂಡಿದ್ದಾನೆ, ಕಾಲರಿನ ಕೊಳೆ ಒಂದೂ ಹೋಗಿಲ್ಲ.